ಬೆಳೆಯುತ್ತಿರುವ ಕನ್ನಡ ಬ್ಲಾಗಿಗೆ ಹೋಸ್ಟಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಓದುಗರು ಹೆಚ್ಚಾಗಿ, ಈಗಿರುವ ಜಾಗ ಸಾಲದೆ ಒದ್ದಾಡುತ್ತಿರುವ ಬ್ಲಾಗರುಗಳಿಗಾಗಿ ಬರೆದ ಪುಟ ಇದು. ಹೋಸ್ಟಿಂಗ್ ಅಂದರೆ ಬ್ಲಾಗಿನ ಕಡತಗಳನ್ನು ಇಂಟರ್ನೆಟ್ಟಿಗೆ ಸದಾ ಜೋಡಿಸಿಟ್ಟ ಕಂಪ್ಯೂಟರಿನಲ್ಲಿ (ಸರ್ವರ್) ಇಡಲು ಬಾಡಿಗೆಗೆ ಪಡೆಯುವ ಜಾಗ, ಅದನ್ನು ಕೊಡುವ ಕಂಪನಿಯೇ ಹೋಸ್ಟ್. ಬ್ಲಾಗು ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್ ಬಳಸುವವರನ್ನೇ ಹೆಚ್ಚಾಗಿ ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಯಾವ ಕಂಪನಿ ಒಂದನೆಯದು, ಯಾವುದು ಎರಡನೆಯದು ಎಂಬ ಪಟ್ಟಿ ಇಲ್ಲಿಲ್ಲ. ಬೆಲೆಯೂ ಮಾಲೀಕರೂ ಬದಲಾಗುತ್ತಲೇ ಇರುವ ವ್ಯಾಪಾರದಲ್ಲಿ ಅಂಥ ಪಟ್ಟಿ ಆರು ತಿಂಗಳಿಗೇ ಹಳಸುತ್ತದೆ. ಯಾವ ಹೋಸ್ಟ್ ಬಂದರೂ ನೀವೇ ಅಳೆದು ನೋಡುವಂತಾಗಲಿ ಎಂಬುದು ನನ್ನ ಆಸೆ. ನನ್ನ ಅಳತೆಗೋಲು ಒಂದೇ: ಬಿಟ್ಟು ಹೊರಡಬೇಕೆಂದಾಗ ಬರಹ, ಚಿತ್ರ, ವಿಳಾಸ ಮೂರನ್ನೂ ಯಾರ ಕೈಕಾಲು ಹಿಡಿಯದೆ ತೆಗೆದುಕೊಂಡು ಹೋಗಲು ಬಿಡುವ ಹೋಸ್ಟ್ ಮಾತ್ರ ನಂಬಿಕೆಗೆ ಯೋಗ್ಯ.

ನಾನಿನ್ನೂ ಬ್ಲಾಗ್‌ಸ್ಪಾಟ್‌ನಲ್ಲಿದ್ದೇನೆ. ದುಡ್ಡು ಕೊಟ್ಟು ಹೋಸ್ಟಿಂಗ್ ತೆಗೆದುಕೊಳ್ಳಲೇಬೇಕೆ?

ಬೇಕೆಂದೇನಿಲ್ಲ. ಬರೆಯುವುದು, ಪ್ರಕಟಿಸುವುದು ಇಷ್ಟೇ ನಿಮ್ಮ ಕೆಲಸವಾದರೆ ಬ್ಲಾಗರ್ (ಬ್ಲಾಗ್‌ಸ್ಪಾಟ್ ವಿಳಾಸ ಕೊಡುವ ಸೇವೆಯ ಹೆಸರು) ಸಾಕು. 2003ರಿಂದ ಅದು ಗೂಗಲ್ ಕೈಯಲ್ಲಿದೆ, ಒಂದೇ ದಿನ ಸಾವಿರಾರು ಜನ ಬಂದರೂ ಕುಸಿಯುವುದಿಲ್ಲ. ವಿಭಾಗಗಳನ್ನು ನಿಮಗೆ ಬೇಕಾದಂತೆ ಜೋಡಿಸಬೇಕು, ಹಲವು ಲೇಖಕರನ್ನು ಸೇರಿಸಿಕೊಂಡು ಪತ್ರಿಕೆಯಂತೆ ನಡೆಸಬೇಕು, ಚಂದಾ ಪಡೆಯಬೇಕು ಅಂದಾಗ ಅಲ್ಲಿನ ಗೋಡೆಗಳು ಕಾಣಿಸತೊಡಗುತ್ತವೆ.

ಬ್ಲಾಗ್‌ಸ್ಪಾಟ್‌ನಲ್ಲೇ ಉಳಿಯುವುದಾದರೂ ಇವತ್ತೇ ಒಂದು ಸ್ವಂತ ಡೊಮೈನ್, ಅಂದರೆ ನಿಮ್ಮದೇ ಹೆಸರಿನ ವೆಬ್ ವಿಳಾಸ, ಕೊಂಡು ಅದಕ್ಕೆ ಜೋಡಿಸಿ. ಡೊಮೈನ್ ಜೋಡಿಸಲು ಬ್ಲಾಗರ್ ಹಣ ಕೇಳುವುದಿಲ್ಲ. ಓದುಗರಿಗೆ ನಿಮ್ಮ ವಿಳಾಸ ಅಭ್ಯಾಸವಾದ ಮೇಲೆ ಹಿಂದಿರುವ ಸರ್ವರ್ ಯಾವಾಗ ಬೇಕಾದರೂ ಬದಲಾಗಬಹುದು. ಉಚಿತ ಸೇವೆ ನಿಲ್ಲುವುದಿಲ್ಲ ಎಂದು ಯಾರೂ ಬರೆದುಕೊಡುವುದಿಲ್ಲ. ಒಂದು ಕಾಲಕ್ಕೆ ಲಕ್ಷಾಂತರ ಪುಟಗಳಿದ್ದ ಜಿಯೋಸಿಟೀಸನ್ನು ಯಾಹೂ 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಇನ್ನೊಂದು ವಿಷಯ: ಬ್ಲಾಗರ್‌ನಿಂದ ಇಳಿಸಿಕೊಳ್ಳುವ ಬ್ಯಾಕಪ್ ಕಡತದಲ್ಲಿ ಬರಹ, ಪ್ರತಿಕ್ರಿಯೆ ಇರುತ್ತವೆ, ಚಿತ್ರಗಳು ಇರುವುದಿಲ್ಲ, ಅವುಗಳ ಕೊಂಡಿ ಮಾತ್ರ ಇರುತ್ತದೆ. ಚಿತ್ರಗಳನ್ನು ಬೇರೆಯಾಗಿಯೇ ಇಳಿಸಿಟ್ಟುಕೊಳ್ಳಿ.

ಹೋಸ್ಟಿಂಗ್ ಜೊತೆ ಡೊಮೈನ್ ಉಚಿತ ಅನ್ನುತ್ತಾರೆ. ಎರಡನ್ನೂ ಒಂದೇ ಕಡೆ ತೆಗೆದುಕೊಳ್ಳಲೆ?

ಬೇರೆ ಬೇರೆ ಕಡೆ ಇರಲಿ. ಉಚಿತ ಎಂಬುದು ಮೊದಲ ವರ್ಷಕ್ಕೆ ಮಾತ್ರ. ಆ ಹೋಸ್ಟ್ ಜೊತೆ ಜಗಳವಾದರೆ ಕಡತಗಳೂ ವಿಳಾಸವೂ ಒಟ್ಟಿಗೆ ಸಿಕ್ಕಿಕೊಳ್ಳುತ್ತವೆ. ಬೇರೆ ಕಡೆ ಇದ್ದರೆ ಡೊಮೈನಿನ ಡಿಎನ್‌ಎಸ್ (ವಿಳಾಸ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ದಾಖಲೆ) ಅನ್ನು ಹೊಸ ಸರ್ವರಿಗೆ ತಿರುಗಿಸಿ ಅದೇ ದಿನ ಹೊರಡಬಹುದು.

ಇದಕ್ಕಿಂತ ದೊಡ್ಡ ಪ್ರಶ್ನೆ ಡೊಮೈನ್ ಯಾರ ಹೆಸರಿನಲ್ಲಿದೆ ಎಂಬುದು. ಎಷ್ಟೋ ಕನ್ನಡ ಬ್ಲಾಗುಗಳ ಡೊಮೈನ್ ಅದನ್ನು ಮಾಡಿಕೊಟ್ಟ ಗೆಳೆಯನ ಅಥವಾ ವೆಬ್ ಡಿಸೈನರ್ ಒಬ್ಬರ ಖಾತೆಯಲ್ಲಿರುತ್ತದೆ. ಅವರು ಕೆಟ್ಟವರೇನಲ್ಲ. ಆದರೆ ಅವರ ಇಮೇಲ್ ಬದಲಾಗುತ್ತದೆ, ಕೆಲಸ ಬದಲಾಗುತ್ತದೆ, ನವೀಕರಣದ ನೆನಪೋಲೆ ಯಾರೂ ತೆರೆಯದ ಇನ್‌ಬಾಕ್ಸಿಗೆ ಹೋಗಿ ಬೀಳುತ್ತದೆ. ಇಂದೇ ಲಾಗಿನ್ ಆಗಿ ನೋಡಿ: ನೋಂದಣಿದಾರರ ಹೆಸರು ನಿಮ್ಮದೆ? ಇಮೇಲ್ ಈಗಲೂ ಬಳಕೆಯಲ್ಲಿದೆಯೆ? ಮುಖ್ಯವಾಗಿ, ಆ ಇಮೇಲ್ ಅದೇ ಡೊಮೈನಿನದ್ದಾಗಿರಬಾರದು. ಡೊಮೈನ್ ನಿಂತರೆ ಇಮೇಲೂ ನಿಲ್ಲುತ್ತದೆ, ಎಚ್ಚರಿಕೆ ನಿಮಗೆ ತಲುಪುವುದೇ ಇಲ್ಲ.

ಡಾಟ್ ಕಾಮ್ ವಿಳಾಸದ ಅವಧಿ ಮುಗಿದರೆ ಕೂಡಲೇ ಕೈ ತಪ್ಪುವುದಿಲ್ಲ. ರಿಜಿಸ್ಟ್ರಾರನ್ನು, ಅಂದರೆ ಡೊಮೈನ್ ಮಾರಿದ ಕಂಪನಿಯನ್ನು, ಅವಲಂಬಿಸಿ 45 ದಿನಗಳವರೆಗೆ ಮಾಮೂಲಿ ನವೀಕರಣಕ್ಕೆ ಅವಕಾಶವಿರಬಹುದು. ಅಳಿಸಿದ ಮೇಲೂ 30 ದಿನ ಬಿಡಿಸಿಕೊಳ್ಳುವ ಗಡುವಿರುತ್ತದೆ, ಆದರೆ ಆಗ ದಂಡ ಭಾರಿ. ಅದಾದ ಮೇಲೆ 5 ದಿನಕ್ಕೆ ಹೆಸರು ಯಾರಿಗೆ ಬೇಕಾದರೂ ಸಿಗುತ್ತದೆ. ಒಳ್ಳೆಯ ಹೆಸರುಗಳಿಗಾಗಿ ಕಾದು ಕೂತವರು ಇದ್ದೇ ಇರುತ್ತಾರೆ. ಹೊಸದಾಗಿ ಕೊಂಡ ಡೊಮೈನನ್ನು ಮೊದಲ 60 ದಿನ ಬೇರೆ ರಿಜಿಸ್ಟ್ರಾರಿಗೆ ಸಾಗಿಸಲು ಸಾಮಾನ್ಯವಾಗಿ ಬಿಡುವುದಿಲ್ಲ ಎಂಬುದೂ ಗೊತ್ತಿರಲಿ.

ಶೇರ್ಡ್, ವಿಪಿಎಸ್, ಕ್ಲೌಡ್, ಮ್ಯಾನೇಜ್ಡ್. ನನಗೆ ಯಾವುದು?

ಶೇರ್ಡ್ ಹೋಸ್ಟಿಂಗ್ ಅಂದರೆ ವಠಾರದ ಮನೆ. ಬಾಡಿಗೆ ಕಡಿಮೆ, ನಲ್ಲಿ ಒಂದೇ, ಪಕ್ಕದವರು ನೀರು ಪೂರ್ತಿ ಹಿಡಿದರೆ ನಿಮಗೆ ತೊಟ್ಟಿಕ್ಕುತ್ತದೆ. ಹಾಗಂತ ತೆಗೆದುಹಾಕುವ ಹಾಗಿಲ್ಲ. ಕ್ಯಾಶ್ (ಒಮ್ಮೆ ಕಟ್ಟಿದ ಪುಟವನ್ನು ಉಳಿಸಿಟ್ಟು ಎಲ್ಲರಿಗೂ ಕೊಡುವ ವ್ಯವಸ್ಥೆ) ಸರಿಯಾಗಿ ಕೂರಿಸಿದ ಬರಹದ ಬ್ಲಾಗು ಒಳ್ಳೆಯ ಶೇರ್ಡ್ ಹೋಸ್ಟ್‌ನಲ್ಲಿ ಬಹುಕಾಲ ನಡೆಯುತ್ತದೆ.

ವಿಪಿಎಸ್ ಅಂದರೆ ಒಂದು ದೊಡ್ಡ ಸರ್ವರನ್ನು ಹಲವು ಪಾಲು ಮಾಡಿದ್ದರಲ್ಲಿ ಒಂದು, ಅದರಲ್ಲಿ ನಿಮಗೇ ಅಂತ ಮೆಮೊರಿ, ಪ್ರೊಸೆಸರ್ ಪಾಲು ಇರುತ್ತದೆ. ಆದರೆ ಅನ್‌ಮ್ಯಾನೇಜ್ಡ್ ವಿಪಿಎಸ್‌ನಲ್ಲಿ ಲಿನಕ್ಸ್ (ಸರ್ವರನ್ನು ನಡೆಸುವ ಮೂಲ ತಂತ್ರಾಂಶ) ಅಪ್‌ಡೇಟ್, ಫೈರ್‌ವಾಲ್, ಬರಹಗಳನ್ನು ಇಟ್ಟಿರುವ ಡೇಟಾಬೇಸ್ ಎಲ್ಲದಕ್ಕೂ ನೀವೇ ಹೊಣೆ. ಮಧ್ಯರಾತ್ರಿ ಡೇಟಾಬೇಸ್ ನಿಂತುಹೋದರೆ ಎದ್ದು ಸರಿಮಾಡುವವರು ಮನೆಯಲ್ಲಿ ಇಲ್ಲದಿದ್ದರೆ ಅದನ್ನು ಮುಟ್ಟಬೇಡಿ. ಮ್ಯಾನೇಜ್ಡ್ ವರ್ಡ್‌ಪ್ರೆಸ್ ಹೋಸ್ಟಿಂಗ್‌ನಲ್ಲಿ ಈ ತಲೆನೋವನ್ನು ಅವರು ಹೊರುತ್ತಾರೆ, ದುಡ್ಡು ಜಾಸ್ತಿ. ಬರೆಯುವುದೇ ನಿಮ್ಮ ಕೆಲಸವಾಗಿದ್ದು ಬ್ಲಾಗಿನಿಂದ ಸ್ವಲ್ಪವಾದರೂ ವರಮಾನ ಬರುತ್ತಿದ್ದರೆ, ಆ ಹಣವನ್ನು ಮೊದಲು ಇಲ್ಲಿ ಹಾಕಿ ಎನ್ನುತ್ತೇನೆ. ಇನ್ನು ‘ಕ್ಲೌಡ್’ ಎಂಬ ಹಣೆಪಟ್ಟಿ ನೋಡಿ ಏನನ್ನೂ ನಿರ್ಧರಿಸಬೇಡಿ. ಎಷ್ಟು ಮೆಮೊರಿ, ಎಷ್ಟು ಪ್ರೊಸೆಸರ್ ಎಂದು ಕೇಳಿ.

ಸ್ಟೋರೇಜ್, ಬ್ಯಾಂಡ್‌ವಿಡ್ತ್ ಎರಡೂ ‘ಅನ್‌ಲಿಮಿಟೆಡ್’ ಅಂತಿದೆ. ಮತ್ತೇನು ಬೇಕು?

ಮಿತಿ ಇಲ್ಲದ ಸರ್ವರ್ ಇಲ್ಲ. ಮಿತಿಯನ್ನು ಬೇರೆ ಕಡೆ ಇಟ್ಟಿರುತ್ತಾರೆ ಅಷ್ಟೇ, ಬಳಕೆಯ ನಿಯಮಗಳ ಪುಟದಲ್ಲಿ ಹುಡುಕಿ. ಮೂರು ಸಂಖ್ಯೆ ಬೇಕು: ಪ್ರೊಸೆಸರ್ ಮತ್ತು ಮೆಮೊರಿಯ ಮಿತಿ, ಒಂದೇ ಕ್ಷಣದಲ್ಲಿ ನಡೆಯಬಹುದಾದ ಪ್ರೊಸೆಸ್‌ಗಳ (ಸರ್ವರ್ ಮಾಡುವ ಕೆಲಸಗಳ) ಸಂಖ್ಯೆ, ಮತ್ತು ಐನೋಡ್ ಮಿತಿ. ಐನೋಡ್ ಅಂದರೆ ಸರಳವಾಗಿ ಕಡತಗಳ ಲೆಕ್ಕ. ನೀವು ಒಂದು ದೊಡ್ಡ ಫೋಟೋ ಏರಿಸಿದರೆ ವರ್ಡ್‌ಪ್ರೆಸ್ ಅದರ ಐದಾರು ಅಳತೆಯ ಪ್ರತಿಗಳನ್ನು ತಾನೇ ಮಾಡಿಡುತ್ತದೆ, ಥೀಮ್ ಇನ್ನಷ್ಟು ಸೇರಿಸುತ್ತದೆ. ಪ್ರವಾಸ ಕಥನ, ಅಡುಗೆ, ಪಕ್ಷಿ ಛಾಯಾಚಿತ್ರಗಳ ಬ್ಲಾಗಿಗೆ ಜಾಗ ತುಂಬುವ ಮೊದಲೇ ಐನೋಡ್ ತುಂಬುತ್ತದೆ.

ಬ್ಯಾಂಡ್‌ವಿಡ್ತ್, ಅಂದರೆ ಸರ್ವರಿನಿಂದ ಓದುಗರಿಗೆ ಹೋಗುವ ಡೇಟಾ, ಅದರ ಲೆಕ್ಕ ನೀವೇ ಹಾಕಬಹುದು. ಒಂದು ಪುಟ 1 ಎಂಬಿ ಇದ್ದು ತಿಂಗಳಿಗೆ 50,000 ಪುಟವೀಕ್ಷಣೆ ಇದ್ದರೆ ಸುಮಾರು 50 ಜಿಬಿ. ಹೆಚ್ಚಿನ ಬ್ಲಾಗುಗಳು ಸೋಲುವುದು ಇಲ್ಲಲ್ಲ, ಪ್ರೊಸೆಸರ್ ಮಿತಿಯಲ್ಲಿ. ಪುಟದ ಬದಲು 508 ಎಂಬ ದೋಷ ಸಂಖ್ಯೆ ಆಗಾಗ ಕಂಡರೆ ಖಾತೆಯ ಮಿತಿ ಮುಟ್ಟಿದೆ ಎಂದೇ ಸಾಮಾನ್ಯವಾಗಿ ತಿಳಿಯಬೇಕು.

ಶೇ. 99.9 ಅಪ್‌ಟೈಮ್ ಅಂದರೆ ಒಳ್ಳೆಯದೇ ಅಲ್ಲವೆ?

ಅಪ್‌ಟೈಮ್ ಅಂದರೆ ಸೈಟು ಚಾಲೂ ಇರುವ ಹೊತ್ತು. 30 ದಿನದ ತಿಂಗಳಲ್ಲಿ ಶೇ. 99.9 ಎಂಬುದು 43 ನಿಮಿಷದ ನಿಲುಗಡೆಗೆ ಅವಕಾಶ ಕೊಡುತ್ತದೆ, ವರ್ಷಕ್ಕೆ ಎಂಟೂಮುಕ್ಕಾಲು ಗಂಟೆ. ಶೇ. 99 ಆದರೆ ತಿಂಗಳಿಗೆ 7 ಗಂಟೆಗೂ ಮಿಕ್ಕಿ. ಬ್ಲಾಗಿಗೆ 99.9 ಸಾಕು, ಆದರೆ ಗ್ಯಾರಂಟಿ ಎಂಬ ಪದದ ಕೆಳಗೆ ಏನು ಬರೆದಿದೆ ಓದಿ. ಮೊದಲೇ ತಿಳಿಸಿ ಮಾಡುವ ದುರಸ್ತಿಯನ್ನು ಲೆಕ್ಕದಿಂದ ಬಿಟ್ಟಿರುತ್ತಾರೆ. ಪರಿಹಾರವಾಗಿ ಸಿಗುವುದೂ ಬಹುಪಾಲು ಮುಂದಿನ ಬಿಲ್ಲಿನಲ್ಲಿ ಸಣ್ಣ ಕಡಿತ, ಅದೂ ನೀವು ಕೇಳಿದರೆ. ಅವರ ಲೆಕ್ಕ ನಂಬುವ ಬದಲು ಅಪ್‌ಟೈಮ್‌ರೋಬಾಟ್‌ನಂಥ ಸೇವೆಯಲ್ಲಿ ನಿಮ್ಮ ವಿಳಾಸ ಹಾಕಿಡಿ. ಕೆಲವು ನಿಮಿಷಕ್ಕೊಮ್ಮೆ ಬಾಗಿಲು ತಟ್ಟಿ ನೋಡಿ, ಸೈಟು ಬಿದ್ದರೆ ಇಮೇಲ್ ಕಳಿಸುತ್ತದೆ.

ಸರ್ವರ್ ಎಲ್ಲಿರಬೇಕು?

ಓದುಗರು ಎಲ್ಲಿದ್ದಾರೋ ಅಲ್ಲಿಗೆ ಹತ್ತಿರ. ಕೇಬಲ್ ಒಳಗೆ ಬೆಳಕು ಓಡುವುದು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾ ಸುಮಾರು 14,000 ಕಿಲೋಮೀಟರ್. ಹೋಗಿ ಬರುವುದಕ್ಕೇ ಕನಿಷ್ಠ 140 ಮಿಲಿಸೆಕೆಂಡ್ ಬೇಕು, ಕೇಬಲ್ ಸುತ್ತು ಬಳಸಿ ಹೋಗುವುದರಿಂದ 200 ದಾಟುವುದೇ ಹೆಚ್ಚು. ಪುಟದ ಮೊದಲ ಅಕ್ಷರ ಬರುವ ಮುನ್ನ ಬ್ರೌಸರು ಇಂಥ ಹಲವು ಓಡಾಟ ಮಾಡುತ್ತದೆ. ಹಾವೇರಿಯಲ್ಲಿ ಮೊಬೈಲ್ ಹಿಡಿದು ಕೂತ ಓದುಗರಿಗೆ ಅದು ಗೊತ್ತಾಗುತ್ತದೆ.

ಇಂದು ಭಾರತದೊಳಗೇ ಬೇಕಾದಷ್ಟು ಆಯ್ಕೆ ಇದೆ. ಅಮೆಜಾನಿನ ಕ್ಲೌಡ್ 2016ರಿಂದ ಮುಂಬಯಿಯಲ್ಲಿ, 2022ರಿಂದ ಹೈದರಾಬಾದಿನಲ್ಲಿದೆ. ಡಿಜಿಟಲ್‌ಓಷನ್‌ಗೆ ಬೆಂಗಳೂರಿನಲ್ಲೇ ಡೇಟಾ ಸೆಂಟರ್ ಇದೆ. ಕೊಳ್ಳುವಾಗ ‘ಭಾರತೀಯ ಕಂಪನಿ’ ಎಂಬುದೂ ‘ಭಾರತದಲ್ಲಿರುವ ಸರ್ವರ್’ ಎಂಬುದೂ ಒಂದೇ ಎಂದುಕೊಳ್ಳಬೇಡಿ. ಊರಿನ ಹೆಸರು ಕೇಳಿ ತಿಳಿದುಕೊಳ್ಳಿ, ಎಷ್ಟೋ ಕಡೆ ಅದನ್ನು ಖಾತೆ ತೆರೆಯುವಾಗಲೇ ಆರಿಸಬೇಕು.

ದುಬೈ, ಲಂಡನ್, ನ್ಯೂಜೆರ್ಸಿಯ ಕನ್ನಡಿಗರು ನಿಮ್ಮ ಓದುಗರಲ್ಲಿ ದೊಡ್ಡ ಪಾಲಾಗಿದ್ದರೆ? ಸರ್ವರ್ ಇಲ್ಲೇ ಇಟ್ಟು ಮುಂದೆ ಸಿಡಿಎನ್ ಹಾಕಿ, ಅಂದರೆ ನಿಮ್ಮ ಕಡತಗಳ ಪ್ರತಿಯನ್ನು ಹಲವು ಊರುಗಳಲ್ಲಿ ಇಟ್ಟು ಕೊಡುವ ಸೇವೆ. ಕ್ಲೌಡ್‌ಫ್ಲೇರ್‌ನ ಉಚಿತ ಯೋಜನೆಯೇ ಆರಂಭಕ್ಕೆ ಸಾಕು, ಚಿತ್ರಗಳು ಅವರವರ ಹತ್ತಿರದ ಊರಿನಿಂದಲೇ ಹೋಗುತ್ತವೆ.

ಕನ್ನಡ ಬ್ಲಾಗು ಅಂತ ವಿಶೇಷವಾಗಿ ನೋಡಬೇಕಾದ್ದು ಇದೆಯೆ?

ಇದೆ, ಹೋಸ್ಟಿಂಗ್ ಬಗೆಗಿನ ಇಂಗ್ಲಿಷ್ ಲೇಖನಗಳು ಇದನ್ನು ಮುಟ್ಟುವುದೇ ಅಪರೂಪ.

ಮೊದಲನೆಯದು ಡೇಟಾಬೇಸಿನ ಅಕ್ಷರ ಸಂಕೇತ. ಎಲ್ಲ ಭಾಷೆಯ ಅಕ್ಷರಗಳನ್ನೂ ಕಂಪ್ಯೂಟರಿನಲ್ಲಿ ಬರೆದಿಡುವ ಕ್ರಮವಾದ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ವರ್ಡ್‌ಪ್ರೆಸ್ 2015ರಿಂದ ಯುಟಿಎಫ್8ಎಂಬಿ4 ಎಂಬ ಸಂಕೇತ ಬಳಸುತ್ತಿದೆ, ಅದರಲ್ಲಿ ಕನ್ನಡವೂ ಇಮೋಜಿಯೂ ಸಲೀಸು. ಆದರೆ ತೀರಾ ಹಳೆಯ ಬ್ಲಾಗುಗಳ ಟೇಬಲ್‌ಗಳು ಲ್ಯಾಟಿನ್1 ಎಂಬ ಹಳೆಯ ಸಂಕೇತದಲ್ಲೇ ಉಳಿದಿರಬಹುದು. ಹಳೆಯ ಸರ್ವರಿನಲ್ಲಿ ಹೇಗೋ ಸರಿಯಾಗಿ ಕಾಣುತ್ತಿದ್ದ ಬರಹ ಸ್ಥಳಾಂತರದ ದಿನ ಕೆಡುತ್ತದೆ. ಆಗ ವಿಚಿತ್ರ ಲ್ಯಾಟಿನ್ ಅಕ್ಷರಗಳ ಸಾಲು ಕಂಡರೆ ಗಾಬರಿ ಬೇಡ, ಬೈಟ್‌ಗಳು ಉಳಿದಿವೆ, ಬಲ್ಲವರು ಬಹುತೇಕ ಸರಿಪಡಿಸಬಲ್ಲರು. ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಆ ಪ್ರತಿಯಲ್ಲಿ ಅಕ್ಷರಗಳು ಹೋಗಿಯೇಬಿಟ್ಟಿವೆ. ಮೂಲ ಪ್ರತಿಯಿಂದ ಮತ್ತೆ ತೆಗೆಯಬೇಕು. ಅದಕ್ಕೇ ಹೊಸ ಕಡೆ ಎಲ್ಲವನ್ನೂ ಓದಿ ನೋಡುವವರೆಗೆ ಹಳೆಯ ಖಾತೆ ಮುಚ್ಚಬಾರದು.

ಎರಡನೆಯದು ಪುಟಗಳ ವಿಳಾಸ. ಶೀರ್ಷಿಕೆ ಕನ್ನಡದಲ್ಲಿದ್ದರೆ ವರ್ಡ್‌ಪ್ರೆಸ್ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ, ಒಳಗೆ ಅದು ಶೇಕಡಾ ಚಿಹ್ನೆಗಳ ಮಾಲೆಯಾಗುತ್ತದೆ. ‘ಕರ್ನಾಟಕ’ ಎಂಬ ಒಂದು ಪದಕ್ಕೆ 63 ಅಕ್ಷರ. ಡೇಟಾಬೇಸ್‌ನಲ್ಲಿ ಅದಕ್ಕಿರುವ ಜಾಗ 200 ಅಕ್ಷರ ಮಾತ್ರ, ಹಾಗಾಗಿ ಮೂರ್ನಾಲ್ಕು ಪದ ದಾಟಿದರೆ ಮಧ್ಯದಲ್ಲೇ ಕತ್ತರಿಸಿಹೋಗುತ್ತದೆ. ವಾಟ್ಸಾಪ್‌ನಲ್ಲಿ ಹಂಚಿದಾಗ ಕೊಂಡಿ ನಾಲ್ಕು ಸಾಲು ಹಿಡಿಯುತ್ತದೆ. ಹೊಸ ಬರಹಗಳ ವಿಳಾಸವನ್ನು ಇಂಗ್ಲಿಷ್ ಲಿಪಿಯಲ್ಲಿ ಚಿಕ್ಕದಾಗಿ ಬರೆಯಿರಿ. ಹಳೆಯವನ್ನು ಬದಲಿಸಬೇಡಿ, ಹೊಸ ಸರ್ವರಿನಲ್ಲಿ ಅವು ತೆರೆಯುತ್ತವೆಯೇ ಎಂದು ಪರೀಕ್ಷಿಸಿ. ಚಿತ್ರದ ಕಡತಗಳಿಗೆ ಕನ್ನಡದಲ್ಲಿ ಹೆಸರಿಟ್ಟಿದ್ದರೆ ಜಿಪ್ ಮಾಡಿ ಬಿಚ್ಚುವಾಗ ಹೆಸರು ಕೆಡುವುದುಂಟು.

ಮೂರನೆಯದು ಸರ್ವರಿನ ಕಾವಲು ನಿಯಮಗಳು. ಮಾಡ್‌ಸೆಕ್ಯುರಿಟಿ ಎಂಬ ತಂತ್ರಾಂಶ ಕೆಲವೊಮ್ಮೆ ಉದ್ದನೆಯ ಕನ್ನಡ ಬರಹವನ್ನು ದಾಳಿ ಎಂದು ತಪ್ಪು ತಿಳಿದು ತಡೆಯುತ್ತದೆ, ‘ಪ್ರಕಟಿಸು’ ಒತ್ತಿದಾಗ 403 ದೋಷ ಬರುತ್ತದೆ. ಹಣ ವಾಪಸ್ ಅವಧಿಯೊಳಗೇ ನಿಮ್ಮ ಅತಿ ಉದ್ದದ ಲೇಖನವೊಂದನ್ನು ಹಾಕಿ ನೋಡಿ.

ಬ್ಯಾಕಪ್ ಹೋಸ್ಟೇ ಮಾಡುತ್ತದಲ್ಲ?

ಮಾಡಲಿ, ನೀವೂ ಮಾಡಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್‌ಕ್ಲೌಡ್ ಡೇಟಾ ಸೆಂಟರಿಗೆ ಬೆಂಕಿ ಬಿದ್ದು ಒಂದು ಕಟ್ಟಡ ಪೂರ್ತಿ ನಾಶವಾಯಿತು. ಲಕ್ಷಾಂತರ ವೆಬ್‌ಸೈಟುಗಳು ನಿಂತವು. ಬ್ಯಾಕಪ್ ಕೂಡ ಅದೇ ಆವರಣದಲ್ಲಿದ್ದ ಗ್ರಾಹಕರಲ್ಲಿ ಕೆಲವರಿಗೆ ಏನೂ ಉಳಿಯಲಿಲ್ಲ. ಅದು ಯುರೋಪಿನ ದೊಡ್ಡ ಕಂಪನಿಗಳಲ್ಲೊಂದು ಎಂಬುದನ್ನು ಗಮನಿಸಿ.

ಹೋಸ್ಟನ್ನು ಹೀಗೆ ಕೇಳಿ: ಎಷ್ಟು ದಿನಕ್ಕೊಮ್ಮೆ, ಎಷ್ಟು ದಿನ ಇಟ್ಟಿರುತ್ತೀರಿ, ಬೇರೆ ಊರಿನಲ್ಲಿ ಇಡುತ್ತೀರಾ, ಮರಳಿ ಕೂರಿಸಲು ಶುಲ್ಕವಿದೆಯೆ, ನಾನೇ ಇಳಿಸಿಕೊಳ್ಳಬಹುದೆ? ಕೊನೆಯ ಪ್ರಶ್ನೆಗೆ ‘ಇಲ್ಲ’ ಎಂದರೆ ಆ ಹೋಸ್ಟ್ ಬೇಡ. ಜೊತೆಗೆ ಅಪ್‌ಡ್ರಾಫ್ಟ್‌ಪ್ಲಸ್‌ನಂಥ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ) ಹಾಕಿ ವಾರಕ್ಕೊಮ್ಮೆ ನಿಮ್ಮ ಗೂಗಲ್ ಡ್ರೈವಿಗೆ ಪ್ರತಿ ಹೋಗುವಂತೆ ಮಾಡಿ. ವರ್ಷಕ್ಕೊಮ್ಮೆಯಾದರೂ ಆ ಪ್ರತಿಯನ್ನು ಬೇರೆಲ್ಲಾದರೂ ಬಿಚ್ಚಿ, ಸೈಟು ಎದ್ದು ನಿಲ್ಲುತ್ತದೆಯೇ ನೋಡಿ. ಬಿಚ್ಚಿ ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಜಾಹೀರಾತಿನ ಬೆಲೆ ಕಡಿಮೆ, ಬಿಲ್ ಬಂದಾಗ ಜಾಸ್ತಿ. ಯಾಕೆ?

ಕಾಣಿಸುವುದು ಮೂರು ನಾಲ್ಕು ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ಬೀಳುವ ತಿಂಗಳ ದರ. ಅದರ ಮೇಲೆ ಶೇ. 18 ಜಿಎಸ್‌ಟಿ. ನವೀಕರಣದ ದರ ಮೊದಲಿನದಕ್ಕಿಂತ ಎರಡು ಮೂರು ಪಟ್ಟಾಗುವುದು ಅಪರೂಪವಲ್ಲ. ನಿಮ್ಮ ಹೋಲಿಕೆ ನವೀಕರಣದ ದರಗಳ ನಡುವೆ ಇರಲಿ. ಮೊದಲ ಸಲ ಒಂದೇ ವರ್ಷಕ್ಕೆ ಕಟ್ಟಿ, ತುಸು ದುಬಾರಿಯಾದರೂ ಹೊರಡುವ ಸ್ವಾತಂತ್ರ್ಯ ಉಳಿಯುತ್ತದೆ.

ಆಟೋ ರಿನ್ಯೂವಲ್ ನಂಬಿ ಕೂರಬೇಡಿ. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವುದರ ಬಗ್ಗೆ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಬಿಗಿಯಾದ ಮೇಲೆ, ವಿದೇಶಿ ಕಂಪನಿಗಳಿಗೆ ಹೋಗಬೇಕಾದ ಎಷ್ಟೋ ಪಾವತಿಗಳು ಸದ್ದಿಲ್ಲದೆ ವಿಫಲವಾಗತೊಡಗಿದವು. ಕ್ಯಾಲೆಂಡರಿನಲ್ಲಿ ಒಂದು ತಿಂಗಳು ಮುಂಚಿನ ದಿನಾಂಕಕ್ಕೆ ನೆನಪೋಲೆ ಇಡಿ.

ರಿವ್ಯೂಗಳನ್ನು ನಂಬಬಹುದೆ?

‘ಹತ್ತು ಅತ್ಯುತ್ತಮ ಹೋಸ್ಟ್’ ಮಾದರಿಯ ಪಟ್ಟಿಗಳಲ್ಲಿ ಹೆಚ್ಚಿನವಕ್ಕೆ ಪ್ರತಿ ಮಾರಾಟಕ್ಕೂ ಕಮಿಷನ್ ಇರುತ್ತದೆ. ಪಟ್ಟಿಯಲ್ಲಿನ ಬೇರೆ ಬೇರೆ ಹೆಸರುಗಳ ಹಿಂದೆ ಒಬ್ಬನೇ ಮಾಲೀಕ ಇರಬಹುದು. ಬ್ಲೂಹೋಸ್ಟ್, ಹೋಸ್ಟ್‌ಗೇಟರ್, ಬಿಗ್‌ರಾಕ್ ಮೂರೂ ಅಮೆರಿಕದ ಎಂಡ್ಯೂರೆನ್ಸ್ ಎಂಬ ಗುಂಪಿಗೆ ಸೇರಿದ್ದವು. 2021ರಲ್ಲಿ ಆ ಗುಂಪು ನ್ಯೂಫೋಲ್ಡ್ ಡಿಜಿಟಲ್ ಆಯಿತು. ಅದರಲ್ಲಿ ತಪ್ಪೇನಿಲ್ಲ, ಆದರೆ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವ ಮುನ್ನ ತಿಳಿದಿರಬೇಕು. ನೀವು ಕೊಳ್ಳಬೇಕೆಂದಿರುವ ಹೋಸ್ಟ್‌ನಲ್ಲಿ ಎರಡು ವರ್ಷ ಇದ್ದು ಒಮ್ಮೆಯಾದರೂ ನವೀಕರಿಸಿದ ಬ್ಲಾಗರ್ ಒಬ್ಬರ ಮಾತು ಇಂಥ ಯಾವ ಪಟ್ಟಿಗಿಂತಲೂ ಮೇಲು.

ಸಪೋರ್ಟ್ ಹೇಗಿದೆ ಅಂತ ಕೊಳ್ಳುವ ಮೊದಲೇ ತಿಳಿಯುವುದು ಹೇಗೆ?

ಭಾನುವಾರ ರಾತ್ರಿ ಹತ್ತರ ಮೇಲೆ ಚಾಟ್‌ನಲ್ಲಿ ಒಂದು ತಾಂತ್ರಿಕ ಪ್ರಶ್ನೆ ಕೇಳಿ. ಐನೋಡ್ ಮಿತಿ ಎಷ್ಟು, ವರ್ಡ್‌ಪ್ರೆಸ್ ನಡೆಯಲು ಬೇಕಾದ ಪಿಎಚ್‌ಪಿ ಭಾಷೆಯ ಯಾವ ಆವೃತ್ತಿಗಳಿವೆ ಎಂಬಂಥದು. ಸಂಖ್ಯೆ ಹೇಳುತ್ತಾರೋ, ‘ದೊಡ್ಡ ಪ್ಲಾನ್ ತೆಗೆದುಕೊಳ್ಳಿ ಸರ್’ ಎನ್ನುತ್ತಾರೋ ಗಮನಿಸಿ. ಪಿಎಚ್‌ಪಿ 7.4ಕ್ಕೆ ಬೆಂಬಲ 2022ರ ನವೆಂಬರಿನಲ್ಲೇ ನಿಂತಿದೆ, ಅದಕ್ಕಿಂತ ಹೊಸದು ಇಲ್ಲದಿದ್ದರೆ ಅಲ್ಲಿಗೇ ಬಿಡಿ. ಓದುಗರ ಸಂಪರ್ಕವನ್ನು ಸುರಕ್ಷಿತವಾಗಿಸುವ ಎಸ್‌ಎಸ್‌ಎಲ್ ಪ್ರಮಾಣಪತ್ರಕ್ಕೆ ಬೇರೆ ದುಡ್ಡು ಕೇಳಿದರೂ ಅಷ್ಟೇ, ಲೆಟ್ಸ್ ಎನ್‌ಕ್ರಿಪ್ಟ್ 2016ರಿಂದ ಅದನ್ನು ಉಚಿತವಾಗಿ ಕೊಡುತ್ತಿದೆ. ಗುರುತಿನ ದಾಖಲೆ ಕೇಳಿದರೆ ಮಾತ್ರ ಅನುಮಾನ ಪಡಬೇಡಿ. 2022ರ ಏಪ್ರಿಲ್‌ನ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ) ನಿರ್ದೇಶನದ ಪ್ರಕಾರ ಡೇಟಾ ಸೆಂಟರ್, ವಿಪಿಎಸ್, ಕ್ಲೌಡ್ ಸೇವೆ ಕೊಡುವವರು ಗ್ರಾಹಕರ ವಿವರವನ್ನು ಪರಿಶೀಲಿಸಿ ಐದು ವರ್ಷ ಇಟ್ಟುಕೊಳ್ಳಬೇಕು.

ಯುಗಾದಿ ಹಿಂದಿನ ದಿನ ಒಬ್ಬಟ್ಟಿನ ಪುಟಕ್ಕೆ ಜನ ನುಗ್ಗಿ ಸೈಟು ಬೀಳುತ್ತದೆ. ದೊಡ್ಡ ಪ್ಲಾನ್ ಬೇಕೆ?

ಮೊದಲು ಕ್ಯಾಶ್. ಕ್ಯಾಶ್ ಇಲ್ಲದಿದ್ದರೆ ಪ್ರತಿ ಓದುಗರಿಗೂ ವರ್ಡ್‌ಪ್ರೆಸ್ ಡೇಟಾಬೇಸಿಗೆ ಹೋಗಿ ಪುಟವನ್ನು ಹೊಸದಾಗಿ ಕಟ್ಟುತ್ತದೆ. ಕ್ಯಾಶ್ ಇದ್ದರೆ ಕಟ್ಟಿಟ್ಟ ಪುಟವನ್ನೇ ಎಲ್ಲರಿಗೂ ಕೊಡುತ್ತದೆ. ಸರ್ವರಿನ ತಂತ್ರಾಂಶ ಲೈಟ್‌ಸ್ಪೀಡ್ ಆಗಿದ್ದರೆ ಅದರದೇ ಕ್ಯಾಶ್ ಪ್ಲಗಿನ್ ಬಳಸಿ. ಫೋನಿನಿಂದ ನೇರ ಏರಿಸಿದ 5 ಎಂಬಿ ಫೋಟೋಗಳನ್ನು ಕುಗ್ಗಿಸಿ, ಕೆಲಸಕ್ಕೆ ಬಾರದ ಪ್ಲಗಿನ್ ತೆಗೆಯಿರಿ. ಇಷ್ಟಾದ ಮೇಲೂ ಬಿದ್ದರೆ ಆಗ ಪ್ಲಾನ್ ಏರಿಸಿ. ಹಬ್ಬದ ತಿಂಗಳಿಗೆ ಮಾತ್ರ ಏರಿಸಿ ಮತ್ತೆ ಇಳಿಸಲು ಬಿಡುತ್ತಾರೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಇಳಿಸಲು ಬಿಡದವರೇ ಹೆಚ್ಚು.

ಹೋಸ್ಟ್ ಬದಲಿಸುವಾಗ ಸೈಟು ನಿಲ್ಲದಂತೆ ಮಾಡಬಹುದೆ?

ಬಹುಮಟ್ಟಿಗೆ ಹೌದು. ಎರಡು ದಿನ ಮೊದಲೇ ಡಿಎನ್‌ಎಸ್‌ನಲ್ಲಿ ಟಿಟಿಎಲ್ ಸಂಖ್ಯೆಯನ್ನು (ಹಳೆಯ ದಾಖಲೆಯನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬೇಕು ಎಂಬುದನ್ನು) 300 ಸೆಕೆಂಡಿಗೆ ಇಳಿಸಿ, ಬದಲಾವಣೆ ಬೇಗ ಹರಡುತ್ತದೆ. ಕಡತ, ಡೇಟಾಬೇಸ್ ಎರಡನ್ನೂ ಹೊಸ ಕಡೆ ಕೂರಿಸಿ, ನಿಮ್ಮ ಕಂಪ್ಯೂಟರಿನ ಹೋಸ್ಟ್ಸ್ ಕಡತದಲ್ಲಿ (ಆ ಕಂಪ್ಯೂಟರಿಗೆ ಮಾತ್ರ ಅನ್ವಯಿಸುವ ವಿಳಾಸ ಪಟ್ಟಿ) ಹೊಸ ಸರ್ವರಿನ ಐಪಿ ಸಂಖ್ಯೆ ಬರೆದು ನೀವೊಬ್ಬರೇ ಮೊದಲು ಓಡಾಡಿ ನೋಡಿ. ಕನ್ನಡ ಅಕ್ಷರ, ಹಳೆಯ ವಿಳಾಸ, ಚಿತ್ರ, ಪ್ರತಿಕ್ರಿಯೆ ಎಲ್ಲ ಸರಿಯಿದ್ದರೆ ಡಿಎನ್‌ಎಸ್ ತಿರುಗಿಸಿ. ಆ ದಿನ ಹೊಸದೇನೂ ಪ್ರಕಟಿಸಬೇಡಿ, ಪ್ರತಿಕ್ರಿಯೆ ಮುಚ್ಚಿಡಿ. ಡೊಮೈನಿನ ಇಮೇಲ್ ಹಳೆಯ ಹೋಸ್ಟ್‌ನಲ್ಲೇ ಇದ್ದರೆ ಇಮೇಲ್ ಎಲ್ಲಿಗೆ ತಲುಪಬೇಕೆಂದು ಹೇಳುವ ಎಂಎಕ್ಸ್ ದಾಖಲೆ ಮರೆಯಬಾರದು. ಹಳೆಯ ಖಾತೆ ಇನ್ನೊಂದು ತಿಂಗಳು ಇರಲಿ.

ನಾನು ಬರೆಯುವುದು ನಿಲ್ಲಿಸಿದರೆ, ಅಥವಾ ನಾನೇ ಇಲ್ಲವಾದರೆ ಬ್ಲಾಗಿನ ಗತಿ?

ಹಣ ಕಟ್ಟುವುದು ನಿಂತರೆ ಬ್ಲಾಗೂ ಅಳಿಯುತ್ತದೆ. ಊರಿನ ಚರಿತ್ರೆ, ಹಾಡುಪಾಡು, ಮನೆಮದ್ದು, ಎಲ್ಲೂ ಅಚ್ಚಾಗದ ನೆನಪುಗಳು ಇರುವುದು ಇಂಥ ಬ್ಲಾಗುಗಳಲ್ಲೇ ಆದ್ದರಿಂದ ಈ ಪ್ರಶ್ನೆಯನ್ನು ದಯವಿಟ್ಟು ಮುಂದೂಡಬೇಡಿ. ಮುಖ್ಯ ಬರಹಗಳನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಒಂದೊಂದಾಗಿ ಉಳಿಸಬಹುದು, ಅದಕ್ಕೆ ಶುಲ್ಕವಿಲ್ಲ. ಡೊಮೈನ್, ಹೋಸ್ಟಿಂಗ್, ಆ ಎರಡಕ್ಕೂ ಜೋಡಿಸಿದ ಇಮೇಲ್ ಇವುಗಳ ವಿವರವನ್ನು ಮನೆಯಲ್ಲಿ ಒಬ್ಬರಿಗೆ ಬರೆದುಕೊಡಿ. ನವೀಕರಣದ ತಿಂಗಳು ಯಾವುದು, ಎಷ್ಟು ಕಟ್ಟಬೇಕು ಎಂಬುದೂ ಅದರಲ್ಲಿರಲಿ. ಬ್ಲಾಗು ನಿಂತಿದೆ, ಹೊಸ ಬರಹ ಇಲ್ಲ ಎಂದಾದರೆ ಇಡೀ ಸೈಟನ್ನು ಸ್ಟಾಟಿಕ್ (ಮೊದಲೇ ಕಟ್ಟಿಟ್ಟ, ಬದಲಾಗದ) ಪುಟಗಳಾಗಿ ಮಾಡಿಸಿ. ಆಗ ಡೇಟಾಬೇಸೂ ಬೇಡ, ಪಿಎಚ್‌ಪಿಯೂ ಬೇಡ, ಕ್ಲೌಡ್‌ಫ್ಲೇರ್ ಪೇಜಸ್ ಅಥವಾ ಗಿಟ್‌ಹಬ್ ಪೇಜಸ್‌ನಂಥ ಕಡೆ ಉಚಿತವಾಗಿಯೇ ಇಡಬಹುದು. ವರ್ಷಕ್ಕೆ ಡೊಮೈನಿನ ಹಣವೊಂದನ್ನು ಮನೆಯವರು ಕಟ್ಟಿದರೆ ಸಾಕು.